ಅರ್ಧ ಚಾಕಲೇಟಿನ ಬಾಕಿ

ಘನ ಸರಕಾರ ನನಗೆ ಇನ್ನೂ ಅರ್ಧ ಚಾಕಲೇಟು ಕೊಡುವುದು ಬಾಕಿ ಇದೆ. ಹದಿನಾರು ವರ್ಷವಾಯಿತು. ಬಡ್ಡಿ ಬೇಡ, ಅಸಲು ಕೊಟ್ಟರೆ ಸಾಕು.

ಸಂಗತಿ ಇಷ್ಟೇ. ನಾಲಾ ಒಡ್ಡಿನ ಕೆಲಸದ ಪಗಾರವನ್ನು ಒಬ್ಬ ಠೇಕೇದಾರ ನುಂಗಿ ಕುಂತಿದ್ದ. ಅದನ್ನು ಕಕ್ಕಿಸಲು ನಾವು ನಲವತ್ತು ಹೆಂಗಸರು ಕಚೇರಿ ಮುಂದೆ ಕುಂತೆವು. ಮೂವತ್ತೊಂಬತ್ತು ಮಂದಿ ಪಾಳಿ ಪ್ರಕಾರ ಉಪವಾಸ, ನಾನೊಬ್ಬಳು ಖಾಯಂ. (ಆಗ ನನಗೆ ಮುಂದಾಳಾಗುವ ಚಟ ಇತ್ತು.) ಹನ್ನೊಂದನೆಯ ದಿನ ಠೇಕೇದಾರ ಕಕ್ಕಿದ. ಉಪವಾಸ ಬಿಡಿಸಲು ಸಾಹೇಬರು ಬಂದರು, ಫೋಟೋದವನು ಬಂದ, ಮೋಸಂಬಿ ರಸ ಮಾತ್ರ ಬರಲಿಲ್ಲ. ತರಲು ಹೋದವನ ಗಾಡಿ ದಾರಿಯಲ್ಲಿ ಪಂಕ್ಚರ್ ಆಗಿತ್ತು. ಸಾಹೇಬರು ಆಚೆ ಈಚೆ ನೋಡಿ ಕಿಸೆಗೆ ಕೈ ಹಾಕಿದರು, ಬಂಗಾರದ ಕಾಗದದಲ್ಲಿ ಸುತ್ತಿದ ಒಂದು ಕರಿ ತುಂಡು ತೆಗೆದರು, ಲಟ್ಟಂತ ಮುರಿದು ಅರ್ಧ ನನ್ನ ಬಾಯಿಗೆ ಇಟ್ಟರು. ಫೋಟೋ ಆಯಿತು. ಉಳಿದರ್ಧವನ್ನು ಜೋಪಾನವಾಗಿ ಸುತ್ತಿ ಮತ್ತೆ ಕಿಸೆಗೇ ಇಳಿಸಿ, "ಬಾಕೀಚಂ ಉದ್ಯಾ ದೇತೋ, ಆಜಿ" ಅಂದರು. ನಮ್ಮದು ಗಡಿಯ ಊರು, ಸಾಹೇಬರದು ಮರಾಠಿ. ಬಾಕಿದ್ದು ನಾಳೆ ಕೊಡ್ತೀನಿ ಅಜ್ಜಿ, ಅಂತ. ನಾಳೆ ಅವರಿಗೆ ಬೇರೆ ಊರಿಗೆ ಬದಲಿ ಆಯಿತು. (ನನಗೆ ಆಗ ಬರೀ ಐವತ್ತು. ಅಜ್ಜಿ ಅಂದದ್ದರ ತಕರಾರು ಬೇರೆಯೇ ಇದೆ.)

ಆ ಅರ್ಧ ತುಂಡಿನ ರುಚಿ ಹೇಳು ಅಂದರೆ ನನಗೆ ಬರುವುದಿಲ್ಲ. ನನಗೆ ಬರುವುದು ಘೋಷಣೆ. ಇಷ್ಟೇ ಹೇಳುತ್ತೇನೆ: ಅದು ಬಾಯಲ್ಲಿ ಕರಗುವ ತನಕ ನನಗೆ ಪಗಾರದ ನೆನಪು ಸಹ ಆಗಲಿಲ್ಲ.

ಈಗ ಆ ನಲವತ್ತರಲ್ಲಿ ಆರು ಮಂದಿ ತೀರಿಹೋಗಿದ್ದಾರೆ, ಹತ್ತು ಮಂದಿಗೆ ಮೊಣಕಾಲು ಬಗ್ಗುವುದಿಲ್ಲ, ಉಳಿದವರಿಗೆ ಪುರುಸೊತ್ತಿಲ್ಲ. ಸಂಘಟನೆಯ ಬೋರ್ಡನ್ನು ನಾನು ಜೋಳದ ಡಬ್ಬಿಗೆ ಮುಚ್ಚಳ ಮಾಡಿಕೊಂಡಿದ್ದೇನೆ. ನನ್ನ ಗಂಡ ಅಮೋಗಸಿದ್ದ ದೀಪಾವಳಿ ಮುಗಿದ ಕೂಡಲೇ ಕುರಿ ಹೊಡಕೊಂಡು ಹೊಳೆದಂಡೆಗೆ ಹೋದರೆ ತಿರುಗಿ ಬರುವುದು ಜೂನಿನ ಮಿರಗದ ಮಳೆಗೆ. ಅಲ್ಲಿಯವರೆಗೆ ಬಾಲಗಾಂವದ ಈ ಮನೆಯಲ್ಲಿ ನಾನು, ಎರಡು ಆಡು. ಸಂಜೆ ಬೇರೆ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ತಾಸುಗಟ್ಟಲೆ ನಡೆದಿರುತ್ತದೆ. ನನ್ನ ಮನೆಯದು ಎರಡು ರೊಟ್ಟಿಗೆ ಮುಗಿಯುತ್ತದೆ. ಕಿವಿ ಇದ್ದವರಿಗೆ ಅಷ್ಟರಲ್ಲೇ ನನ್ನ ಇಡೀ ಸಂಸಾರ ತಿಳಿಯುತ್ತದೆ.

ಈ ಸಂಕ್ರಾಂತಿಗೆ ಮೈದುನನ ಮಗಳು ಪ್ರಾಜಕ್ತಾ ಎಳ್ಳುಬೆಲ್ಲ ಕೊಡಲು ಬಂದಳು. ಸಂಖದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವಳಿಗೆ ಸಾಹೇಬರ ಕಥೆ ಹೇಳಿದೆ. (ಅವಳಿಗೆ ಅದು ಎಂಟನೆಯ ಸಲ.)

"ದೊಡ್ಡವ್ವ, ಅದು ಯಾವ ಚಾಕಲೇಟ್ ಇತ್ತು ಅಂತ ಹುಡುಕೂಣಲ್ಲ. ಜಗತ್ತಿನಾಗಿನ ಚಲೋ ಚಲೋವು ಮೊಬೈಲದಾಗ ಸಿಗತಾವ."

ಹುಡುಕಿದೆವು. ಹೀಗೆ ಶುರುವಾಯಿತು ನನ್ನ ಜಾಗತಿಕ ಮಟ್ಟದ ತುಲನಾತ್ಮಕ ಅಧ್ಯಯನ. ಬಂಡವಾಳಕ್ಕೆ ಒಂದು ಆಡು ಮಾರಿದೆ. ಮನೆಯ ಜನಸಂಖ್ಯೆ ಎರಡಕ್ಕೆ ಇಳಿಯಿತು. ಗಂಡನಿಗೆ ಫೋನಿನಲ್ಲಿ ಹೇಳಿದೆ.

"ಆಡು ಮಾರಿ ಚಾಕಲೇಟ್ ತಗೊಂಡಿ? ತೆಲಿ ಗಿಲಿ ತಿರಗೇತೇನು?"

"ನಿಮ್ಮ ನೂರಾ ಇಪ್ಪತ್ತು ಕುರ್ಯಾಗ ನಾ ಒಂದರ ಕೂದಲಾ ಮುಟ್ಟಿಲ್ಲ. ಸುಮ್ಮ ಕುಂದರ್ರಿ."

"ಆಡು ಹಾಲು ಕೊಡತಿತ್ತು. ಚಾಕಲೇಟ್ ಏನು ಕೊಡತದ?"

"ನಿಮ್ಮಂಗ ಪ್ರಶ್ನಿ ಕೇಳೂದಿಲ್ಲ. ಅದೇ ಸಾಕು."

ಎಂಟು ದಿನಕ್ಕೆ ಪಾರ್ಸಲ್ ಬಂತು. ಐದು ಹಲಗೆ ಚಾಕಲೇಟು. ಇಕ್ವೆಡಾರ್, ಮಡಗಾಸ್ಕರ್, ಬೆಲ್ಜಿಯಂ, ಸ್ವಿಟ್ಜರ್ಲೆಂಡ್ ಮತ್ತು ಕೇರಳ. ನಮ್ಮ ಊರಿಗೆ ಇಷ್ಟು ದೇಶದ ಪ್ರತಿನಿಧಿಗಳು ಹಿಂದೆಂದೂ ಬಂದಿರಲಿಲ್ಲ. ಪ್ರಾಜಕ್ತಾ ಕಾಗದದ ಮೇಲಿನದನ್ನು ಓದಿ ಕನ್ನಡ ಮಾಡಿ ಹೇಳತೊಡಗಿದಳು.

"ಇದರಾಗ ಕೋಕೋ ನೂರಕ್ಕ ಎಂಬತ್ತೈದು ಟಕ್ಕೆ, ದೊಡ್ಡವ್ವ."

"ಪಾಸಾಗೇತಿ ಬಿಡು. ಮುಂದ?"

"ಇದರಾಗ ತಂಬಾಕಿನ ಛಾಯಾ ಐತಂತ."

"ನನ್ನ ಸಂಚ್ಯಾಗ ಖರೇ ತಂಬಾಕೇ ಐತಿ. ಮುಂದ?"

"ಇದರಾಗ ಚರ್ಮದ ವಾಸನಿ."

"ನಿಮ್ಮ ದೊಡ್ಡಪ್ಪ ಹಳೇ ಚಪ್ಪಲಿ ಬಾಗಲದಾಗ ಬಿಟ್ಟು ಹೋಗ್ಯಾರ. ಪುಕ್ಕಟ ಮೂಸು, ಹೋಗು."

"ಇದರಾಗ ಮಳಿ ಬಿದ್ದ ಮಣ್ಣು."

"ಹಾಂ, ಅದಕ್ಕ ರೊಕ್ಕಾ ಕೊಡಬಹುದು. ನಮ್ಮ ಕಡೆ ಅದು ತುಟ್ಟಿ ಮಾಲು."

ಹೊದಿಕೆ ನೋಡಿ ಮತ ಹಾಕುವುದು ನಮ್ಮ ಚಳವಳಿಯಲ್ಲಿ ನಡೆಯುವುದಿಲ್ಲ. ಗುಪ್ತ ಮತದಾನವೇ ಆಗಬೇಕು ಅಂತ ಠರಾವ್ ಮಾಡಿದೆ. ಪ್ರಾಜಕ್ತಾ ಕಾಗದಗಳನ್ನೆಲ್ಲ ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಒಂದೊಂದು ಹಲಗೆಯನ್ನು ಒಂದೊಂದು ಬಿಳಿ ಅರಿವೆಯಲ್ಲಿ ಕಟ್ಟಿದೆವು. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಹೀಗೆ ಐದರವರೆಗೆ. ಯಾವ ಗಂಟು ಯಾವ ದೇಶ ಅಂತ ಅವಳ ವಹಿಯಲ್ಲಿ ಮಾತ್ರ ಇತ್ತು. ಮನೆಯಲ್ಲಿ ಫ್ರಿಜ್ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಹಸಿ ಉಸುಕಿನ ಮೇಲೆ ಒಂದು ಮಣ್ಣಿನ ಗಡಿಗೆ ಇಟ್ಟು ಅದರೊಳಗೆ ಐದೂ ದೇಶಗಳನ್ನು ಮಲಗಿಸಿದೆವು.

ಮಲಗಿಸುವ ಮೊದಲು ಉಗುರಿನಷ್ಟು ಉಗುರಿನಷ್ಟು ತಿಂದು ನೋಡಿದೆ. ಒಂದು ಕಹಿ, ಒಂದು ಹುಳಿ, ಒಂದು ಹೊಗೆ, ಎರಡು ಏನೂ ಅಲ್ಲ. ಯಾವುದೂ ಸಾಹೇಬರ ತುಂಡಲ್ಲ.

ಪ್ರಾಜಕ್ತಾ ಮುಂದಿನ ಐತವಾರ ಬರುತ್ತೇನೆಂದು ಹೋದಳು. ನಾನು ಕುಂತು ವಿಚಾರ ಮಾಡಿದೆ. ವಿಚಾರ ಮಾಡಲು ನನಗೆ ಬೇಕಾದಷ್ಟು ವೇಳೆ ಇದೆ. ಆಗ ತಲೆಗೆ ಹೊಳೆಯಿತು: ಇದು ನ್ಯಾಯವಾದ ಹೋಲಿಕೆಯೇ ಅಲ್ಲ! ಆ ತುಂಡಿಗೆ ಹನ್ನೊಂದು ದಿನದ ಹಸಿವೆ ಸಿಕ್ಕಿತ್ತು, ಪಾಪ ಇಕ್ವೆಡಾರಿಗೆ ಸಿಕ್ಕಿದ್ದು ಎರಡು ರೊಟ್ಟಿ ಪುಂಡಿಪಲ್ಯೆ ಉಂಡ ಬಾಯಿ. ಎಲ್ಲರಿಗೂ ಸಮಾನ ಅವಕಾಶ ಕೊಡು ಅಂತ ಜೀವನವೆಲ್ಲ ಒದರಿದವಳು ನಾನು. ಈ ವಯಸ್ಸಿಗೆ ಹನ್ನೊಂದು ದಿನ ಆಗುವುದಿಲ್ಲ, ಮೂರು ದಿನ ಹಸಿವೆ ಹಿಡಿದು ಆಮೇಲೆ ಗಂಟು ಬಿಚ್ಚುವುದು ಅಂತ ನಿರ್ಧಾರ ಮಾಡಿದೆ.

ತಪ್ಪು ಆದದ್ದು ಕೂರುವ ಜಾಗದಲ್ಲಿ. ಒಳಗೆ ಕುಂತರೆ ಕಣ್ಣು ಗಡಿಗೆಯ ಕಡೆ ಹೋಗುತ್ತದೆಂದು ಸೋಮವಾರ ಮುಂಜಾನೆ ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಕುಂತೆ. ಬಾಜೂಕ ಒಂದು ತಂಬಿಗೆ ನೀರು. ಹಳೆಯ ರೂಢಿ, ಬೆನ್ನು ತಾನೇ ನೆಟ್ಟಗಾಯಿತು.

ಎದುರಿನ ಕಿರಾಣಿ ಅಂಗಡಿಯ ಮಹಾಂತ ನೋಡಿದ. ಒಂದು ಕಾಲಕ್ಕೆ ನನ್ನ ಮೋರ್ಚಾಗಳಲ್ಲಿ ಘೋಷಣೆ ಕೂಗುವ ಗಂಟಲು ಅವನದು. ಈಗ ನಾಲ್ಕು ವರ್ಷದಿಂದ ಆ ಗಂಟಲು ರಸ್ತೆ ದಾಟಿ ಬಂದಿರಲಿಲ್ಲ. ದಾಟಿ ಬಂದ.

"ಅಕ್ಕಾ, ಉಪಾಸ ಕುಂತೀಯೇನ?"

"ಹೂಂ."

"ಎಷ್ಟು ದಿನ?"

"ಮೂರು."

"ಯಾವ ಮಾಗಣಿಗೆ?" ಏನು ಬೇಡಿಕೆ, ಅಂತ.

ಆಡು ಮಾರಿ ತಂದ ಚಾಕಲೇಟು ರುಚಿ ಹತ್ತಲಿ ಅಂತ, ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. "ಹೇಳಂಗಿಲ್ಲ, ಹೋಗೋ" ಅಂದೆ.

ಅವನ ಕಣ್ಣು ಅಗಲವಾದವು. "ಹೇಳಂಗಿಲ್ಲಂದ್ರ ಭಾಳ ದೊಡ್ಡದೇ ಇರಬೇಕು!"

ಮಧ್ಯಾಹ್ನಕ್ಕೆ ಕಟ್ಟೆ ತುಂಬಿತು. ರಸ್ತೆಗೆ ಅಂತ ಒಬ್ಬ, ನೀರಿಗೆ ಅಂತ ಇನ್ನೊಬ್ಬ, ಮುಂಜಾನೆ ಜತ್ತಿಗೆ ಬಸ್ಸಿಲ್ಲ, ಅದಕ್ಕೇ ಕುಂತಾಳ ಅಂತ ಮತ್ತೊಬ್ಬ. ನಾನು ಯಾವುದಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರವರ ಗೋಳು ಅವರವರೇ ತಂದು ನನ್ನ ಉಪವಾಸಕ್ಕೆ ಜೋಡಿಸಿದರು. ಮಹಾಂತ ಒಳಹೊಕ್ಕು ಜೋಳದ ಡಬ್ಬಿಯ ಮುಚ್ಚಳ ಎತ್ತಿಕೊಂಡು ಬಂದು, ತಿಕ್ಕಿ ತೊಳೆದು, ಸುಣ್ಣದ ಖಡುವಿನಿಂದ ಐದು ಮಾಗಣಿ ಬರೆದು ನನ್ನ ತಲೆಯ ಮೇಲೆ ತೂಗುಹಾಕಿದ. ನೆರೆಮನೆಯ ಸುನಿತಾ ಸೆರಗು ಸಿಕ್ಕಿಸಿ ನನ್ನ ಅಡುಗೆಮನೆಯನ್ನು ವಶಪಡಿಸಿಕೊಂಡಳು.

"ಅತ್ತಿ, ನೀವು ಏಳಬ್ಯಾಡ್ರಿ. ಬಂದ ಮಂದಿಗೆ ಚಾ ನಾ ನೋಡ್ಕೋತೀನಿ."

ಕರಜಗಿಯಿಂದ ಎರಡು ಗಾಡಿ ಹೆಂಗಸರು ಬಂದರು. ಮೊಣಕಾಲು ಬಗ್ಗದವರೂ ಬಂದು ಕಾಲು ಚಾಚಿ ಕುಂತರು. ಹಾಡು, ಬೈಗಳ, ಸೊಸೆಯಂದಿರ ಚಾಡಿ. ನನ್ನ ಕಟ್ಟೆಯ ಮೇಲೆ ಇಷ್ಟು ಕುಂಡಿಗಳು ಒಟ್ಟಿಗೆ ಊರಿ ಎಷ್ಟು ವರ್ಷವಾಗಿತ್ತೋ! ಎಲ್ಲರೂ ನನ್ನೆದುರಿಗೇ ಚಾ ಹೀರುತ್ತಿದ್ದರು.

"ಚಾ ಸ್ವಲ್ಪ ಕಡು ಆಗೇತಿ, ಸುನಿತಾ."

"ಆದರೂ ಏನೋ ಒಂದು ನಮೂನಿ ಚಲೋ ಐತಿ. ಇನ್ನರ್ಧ ಕಪ್ಪು ಹಾಕು."

ಬುಧವಾರ ಸಂಜೆಗೆ ನನ್ನ ಮೂರು ದಿನ ಮುಗಿದವು. ಎದ್ದು ಒಳಗೆ ಹೋಗಿ ಗಂಟು ಬಿಚ್ಚಬೇಕು, ತಿನ್ನಬೇಕು, ಅಷ್ಟೇ. ಆದರೆ ನಾನು ತಿಂದ ಕೂಡಲೇ ಇವರೆಲ್ಲ ಕುಂಡಿ ಜಾಡಿಸಿ ಏಳುತ್ತಾರೆ. ಆ ಲೆಕ್ಕ ನನಗೆ ಬಾಯಿಪಾಠ. ಇನ್ನೊಂದು ದಿನ ಕುಂತೆ. ಆಮೇಲೆ ಮತ್ತೊಂದು.

ನಾಲ್ಕನೆಯ ದಿನ ಗಂಡನ ಫೋನು.

"ಏ, ಪೇಪರದಾಗ ನಿನ್ನ ಫೋಟೋ ಬಂದದಂತ. ಯಾವ ಸರಕಾರದ ಮ್ಯಾಲ ಕುಂತೀ?"

ಫೋನಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿದೆ: "ಚಾಕಲೇಟಿನ ಸಲುವಾಗಿರಿ."

ಆ ಮನುಷ್ಯ ಎಷ್ಟು ನಕ್ಕನೆಂದರೆ ಆಚೆ ಕುರಿಗಳು ಬೆದರಿ ಓಡಿದ ಸಪ್ಪಳ ನನಗೆ ಇಲ್ಲಿ ಕೇಳಿತು. ನಕ್ಕು ಮುಗಿದ ಮೇಲೆ ದನಿ ಬದಲಾಯಿತು.

"ಮುದುಕಿ, ಸಾಕು. ಲಗೂನ ಏನರೆ ತಿನ್ನು."

"ತಿಂದ್ರ ಮಂದಿ ಹೋಗತಾರ್ರಿ."

ಆ ಕಡೆ ಒಂದು ಕುರಿ ಕೆಮ್ಮಿತು. ಅಮೋಗಸಿದ್ದ ಫೋನು ಇಟ್ಟ. ನಲವತ್ತೈದು ವರ್ಷದ ಸಂಸಾರದಲ್ಲಿ ವಾದದಲ್ಲಿ ನಾನು ಗೆದ್ದದ್ದು ಅದೇ ಮೊದಲು, ಗೆದ್ದರೂ ಹಿತ ಅನಿಸಲಿಲ್ಲ.

ಶುಕ್ರವಾರ ಜೀಪು ಬಂತು. ಹೊಸ ಸಾಹೇಬರು, ಹುಡುಗುಮುಖ, ಕೈಯಲ್ಲಿ ಸಹಿ ಮಾಡಿದ ಕಾಗದ. "ಮಾಗಣ್ಯಾ ಮಾನ್ಯ, ಆಜಿ!" ಅಂದರು. ಬೇಡಿಕೆ ಒಪ್ಪಿದ್ದೇವೆ ಅಂತ. (ಈಗ ಅಜ್ಜಿ ಅನ್ನಲು ನನ್ನ ಅಡ್ಡಿ ಇಲ್ಲ.) ಮಂದಿ ಕುಣಿದರು, ಮಹಾಂತನ ಹಳೆಯ ಗಂಟಲು ತೆರೆಯಿತು. ನಾನು ಕೇಳದ ಐದೂ ಮಾಗಣಿಗಳು ಪಾಸು! ಖರೆ ಕೇಳಿದಾಗ ಇಷ್ಟು ಸಲೀಸಾಗಿ ಯಾವುದೂ ಸಿಕ್ಕಿರಲಿಲ್ಲ.

ಉಪವಾಸ ಬಿಡಿಸಲು ಏನಿದೆ? ಮೋಸಂಬಿ ಈ ಸಲವೂ ಇಲ್ಲ. ಇದೇ ಸಮಯ ಅಂತ ನಾನು ಕೈ ಎತ್ತಿದೆ.

"ಸುನಿತಾ, ಮೂಲ್ಯಾಗ ಉಸುಕಿನ ಮ್ಯಾಲ ಗಡಿಗಿ ಐತಿ. ಅದರಾಗ ಅರಿವಿ ಗಂಟು ಅದಾವ. ತಗೊಂಡ ಬಾ."

ಸುನಿತಾ ಕದಲಲಿಲ್ಲ.

"ಆ ಕರಿ ಬೆಲ್ಲೇನ್ರಿ, ಅತ್ತಿ?"

"ಯಾವ ಬೆಲ್ಲ?"

"ಅಯ್ಯ, ಮಂಗಳವಾರ ಸಕ್ಕರಿ ತೀರಿತ್ರಿ. ಹುಡುಕಿದ್ರ ಅದು ಸಿಕ್ತು. ಭಾಳ ಹಳೀ ಬೆಲ್ಲ ನೋಡ್ರಿ, ಕಹಿ ಹತ್ತಿತ್ತು. ಒಗೀಬೇಕಂತ ಮಾಡಿದ್ದೆ, ನಿಮ್ಮ ಮಾಲು ಹಾಳು ಯಾಕಂತ ಮಹಾಂತನ ಅಂಗಡಿ ಸಕ್ಕರಿ ಹೆಚ್ಚಿಗಿ ಸುರುವಿ ಚಾದಾಗ ಕುದಿಸಿ ಕುದಿಸಿ ಖಾಲಿ ಮಾಡೀನಿ. ನಿನ್ನಿ ರಾತ್ರಿನೇ ಮುಗೀತ್ರಿ."

ಇಕ್ವೆಡಾರು ಕುದ್ದಿತ್ತು. ಮಡಗಾಸ್ಕರು ಕುದ್ದಿತ್ತು. ಬೆಲ್ಜಿಯಂ, ಸ್ವಿಟ್ಜರ್ಲೆಂಡು ಮತ್ತು ಕೇರಳ ಒಂದೇ ಪಾತೇಲಿಯಲ್ಲಿ ಶುಂಠಿಯ ಜೊತೆ ಕುದ್ದಿದ್ದವು. ಕರಜಗಿಯಿಂದ ಬಂದವರು ಕುಡಿದಿದ್ದರು, ಮೊಣಕಾಲಿನವರು ಕುಡಿದಿದ್ದರು, ಬಂದೋಬಸ್ತಿನ ಪೋಲೀಸನೂ ಎರಡು ಕಪ್ಪು ಕುಡಿದಿದ್ದ. ಜಗತ್ತಿನ ಶ್ರೇಷ್ಠ ಚಾಕಲೇಟುಗಳ ಪರೀಕ್ಷೆ ನನ್ನ ಕಟ್ಟೆಯ ಮೇಲೆ ಯಥಾಸಾಂಗವಾಗಿ ನಡೆದಿತ್ತು. ಪರೀಕ್ಷಕಿಯೊಬ್ಬಳೇ ಗೈರುಹಾಜರು, ಅದೂ ನೀರು ಕುಡಿಯುತ್ತ ಎದುರಿಗೇ ಕುಂತು.

ಮಹಾಂತ ಅಂಗಡಿಗೆ ಓಡಿ, ಚಿಲ್ಲರೆ ಇಲ್ಲದಾಗ ಗಿರಾಕಿ ಕೈಗೆ ತುರುಕುವ ಗಟ್ಟಿ ಚಾಕಲೇಟು ಒಂದು ತಂದ. ಸಾಹೇಬರು ಅದನ್ನು ನನ್ನ ಬಾಯಿಗೆ ಒಯ್ದರು.

"ಅರ್ಧ ಮುರೀರಿ, ಸಾಹೇಬ್ರ" ಅಂದೆ.

"ಪೂರಾ ಘ್ಯಾ, ಆಜಿ!" ಪೂರ್ತಿ ತಗೋರಿ ಅಂತ ಇಡಿಯಾಗಿ ಇಟ್ಟರು. ಫೋಟೋ ಆಯಿತು.

ಐದು ದಿನದ ಹಸಿವೆ. ಆದರೂ ಅದು ಸಕ್ಕರೆ ಅನಿಸಿತು, ಮತ್ತು ಒಂಚೂರು ಸಾಬೂನು. (ಮಹಾಂತ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡುತ್ತಾನೆ.) ಗಲ್ಲದಲ್ಲಿ ಇಟ್ಟುಕೊಂಡೇ ಕುಂತಿದ್ದೆ. ಅದು ಕರಗುವುದರೊಳಗೆ ಕಟ್ಟೆ ಖಾಲಿಯಾಗಿತ್ತು. ಕಂಬಳಿಯನ್ನು ನಾನೇ ಜಾಡಿಸಿ ಮಡಿಚಿದೆ.

ಐತವಾರ ಪ್ರಾಜಕ್ತಾ ವಹಿ ಹಿಡಿದುಕೊಂಡು ಬಂದಳು. "ದೊಡ್ಡವ್ವ, ಯಾವ ಗಂಟು ಪೈಲಾ ನಂಬರ್?"

"ಎಲ್ಲಾ ಗಂಟೂ ಊರ ಹೊಟ್ಟಿಗೆ ಹೋದ್ವು" ಅಂದೆ.

ಬಸ್ಸು ಚಾಲೂ ಆಗಿದೆ. ದಿನಾ ಮುಂಜಾನೆ ಎಂಟಕ್ಕೆ ನನ್ನ ಮನೆ ಮುಂದೆಯೇ ನಿಲ್ಲುತ್ತದೆ. ಮೊದಲು ಹೊತ್ತು ಹೋಗದವರು ಅಪ್ಪಿತಪ್ಪಿ ಯಾರಾದರೂ ಕಟ್ಟೆಗೆ ಬರುತ್ತಿದ್ದರು, ಈಗ ಅವರೂ ಹತ್ತಿ ಜತ್ತಿಗೆ ಹೋಗುತ್ತಾರೆ. ಕಿಟಕಿಯಿಂದ ಕೈ ಮಾಡುತ್ತಾರೆ. "ಅಕ್ಕಾ, ನೀ ತಂದ ಬಸ್ಸು!"

ಹೀಗಾಗಿ ನನ್ನ ಅಧ್ಯಯನದ ವರದಿ ಅಪೂರ್ಣ ಉಳಿದಿದೆ. ಪರದೇಶದ ಮಾಲು ತಂದು ನೋಡಿದೆ, ಅಲ್ಲ. ಹಸಿವೆ ಹಿಡಿದು ನೋಡಿದೆ, ಅದೂ ಅಲ್ಲ. ಪರೀಕ್ಷೆ ಮಾಡದೆ ಉಳಿದದ್ದು ಒಂದೇ, ಸಾಹೇಬರ ಕಿಸೆಗೆ ಹೋದ ಆ ಇನ್ನರ್ಧ. ಅದನ್ನು ಅವರು ಅಲ್ಲೇ, ನನ್ನ ಬಾಜೂಕ ಕುಂತು ತಿಂದಿದ್ದರೆ ಹೇಗಿರುತ್ತಿತ್ತು, ಅದೊಂದು ಗೊತ್ತಾಗಬೇಕಾಗಿದೆ.

ಆದ್ದರಿಂದ ಇದನ್ನು ಓದುವವರಿಗೆ ನನ್ನ ಮಾಗಣಿ. ಈ ಸಲ ನಾನೇ ಬರೆದದ್ದು, ಒಂದೇ ಇದೆ. ನಮ್ಮ ಊರಿಗೆ ಬರ್ರಿ. ಈಗ ಬಸ್ಸು ಇದೆ, ನೆಪ ಹೇಳಬ್ಯಾಡ್ರಿ. ಯಾವುದಾದರೂ ಒಂದು ಚಾಕಲೇಟು ತರ್ರಿ, ಒಂದು ರೂಪಾಯಿದಾದರೂ ನಡೆಯುತ್ತದೆ. ಮುರಿದು ಅರ್ಧ ನನಗೆ ಕೊಡ್ರಿ. ಇನ್ನರ್ಧ ಕಿಸೆಗೆ ಇಳಿಸದೆ, ಇಲ್ಲೇ ಕಟ್ಟೆ ಮೇಲೆ ಕುಂತು, ನನ್ನ ಕಣ್ಣೆದುರಿಗೆ ಪೂರ್ತಿ ಕರಗುವ ತನಕ ಸಾವಕಾಶ ತಿನ್ರಿ. ಯಾವತ್ತು ಬರ್ತೀರಿ, ಹೇಳ್ರಿ.