ಮಾತಿಲ್ಲದ ಪಿಕ್ಚರಿಗೆ ನಮ್ಮಣ್ಣನ ಅರ್ಥ

ನಮ್ಮಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದರೆ ಆದೋನಿಯಲ್ಲಿ ಯಾರೂ ನಂಬಲಿಕ್ಕಿಲ್ಲ. ಅವನು ಕಚೇರಿಯೊಂದರಲ್ಲಿ ಟೈಪಿಸ್ಟ್. ಹತ್ತು ಬೆರಳಿಗೂ ಇಂಗ್ಲಿಷ್ ಬರುತ್ತಿತ್ತು. ಕಿವಿಗೆ ಮಾತ್ರ ಬರುತ್ತಿರಲಿಲ್ಲ! ಆದರೂ ಭಾನುವಾರ ಬೆಳಗಿನ ಆಟಕ್ಕೆ ಟಾಕೀಸಿನಲ್ಲಿ ಇಂಗ್ಲಿಷ್ ಪಿಕ್ಚರ್ ಹಾಕಿದರೆ ಬೆಂಚಿನವರಿಗೆಲ್ಲ ಅರ್ಥ ಹೇಳುವವನು ಅವನೇ. ಪರದೆಯ ಮೇಲಿನ ದೊರೆ ಎರಡು ಮಾತಾಡಿದರೆ ಅಣ್ಣ ಇಪ್ಪತ್ತು ಮಾತು ಹೇಳುತ್ತಿದ್ದ.

"ಅಷ್ಟು ಸಣ್ಣ ಮಾತಿಗೆ ಇಷ್ಟುದ್ದ ಅರ್ಥ ಹೆಂಗ ಬರತೈತಣ್ಣ?" ಎಂದು ಒಮ್ಮೆ ಕೇಳಿದೆ.

"ಇಂಗ್ಲಿಷಂದ್ರ ಶಾರ್ಟ್‌ಹ್ಯಾಂಡ್ ಇದ್ದಂಗವ್ವ, ಬಿಡಿಸಿ ಹೇಳಬೇಕಾಗತೈತಿ" ಎಂದ.

ಇಂಥ ಮಾತುಗಾರ ಮನೆಯಲ್ಲಿ ಹೇಗಿದ್ದ ಅನ್ನುತ್ತೀರಿ? ಮೂಗಬಸವ! ಸಾರಿಗೆ ಉಪ್ಪು ಹಾಕಿದರೂ ಹೂಂ, ಮರೆತರೂ ಹೂಂ. "ಗ್ವಾಡಿ ಮುಂದ ಮಾತಾಡಿದ್ರ ಸುಣ್ಣನಾರ ಉದುರತೈತಿ, ನಿಮ್ಮಣ್ಣನ ಬಾಯಿಂದ ಒಂದು ಮಾತು ಉದುರಂಗಿಲ್ಲ" ಎಂದು ಅತ್ತಿಗೆ ನನ್ನ ಮುಂದೆ ಹೇಳಿಕೊಳ್ಳುತ್ತಿದ್ದಳು. ತಮ್ಮನ ಮದುವೆಗೆಂದು ತವರೂರು ಗೋನೆಗಂಡ್ಲಕ್ಕೆ ಹೋದವಳು ಅಲ್ಲೇ ಉಳಿದಳು. ಒಂದು ತಿಂಗಳಾಯಿತು, ಮೂರಾಯಿತು. "ಬಂದು ಕರದ್ರ ಬರತೀನಿ" ಎಂದು ಹೇಳಿ ಕಳಿಸಿದಳು.

ಅದೇನು ದೊಡ್ಡ ಷರತ್ತೇ? ತವರಿಗೆ ಹೋದ ಹೆಂಡತಿಯನ್ನು ಕರೆಯಲು ಹೋಗುವುದು ನಮ್ಮ ಕಡೆಯ ಪದ್ಧತಿ. ಮಾವನ ಮನೆಯಲ್ಲಿ ಒಂದು ಹೊತ್ತು ಉಂಡು, ಎರಡು ಮಾತಾಡಿ ಕರೆದುಕೊಂಡು ಬಂದರೆ ಮುಗಿಯಿತು. ಆ ಎರಡು ಮಾತೇ ಅಣ್ಣನಿಗೆ ತುಂಬಿದ ತುಂಗಭದ್ರೆ! ಅವನೇನು ಮಾಡಿದ ಗೊತ್ತೇ? ಕಚೇರಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಒಂದು ಪತ್ರ ಟೈಪು ಮಾಡಿ ಅಂಚೆಗೆ ಹಾಕಿದ. ಅತ್ತಿಗೆ ಅದನ್ನು ಊರಿನ ಮೇಷ್ಟ್ರ ಕೈಯಲ್ಲಿ ಓದಿಸಿದಳು. "ಈ ಪತ್ರ ತಲುಪಿದ ಕೂಡಲೇ ಹಾಜರಾಗತಕ್ಕದ್ದು" ಎಂದಿತ್ತಂತೆ! ಉತ್ತರ ಬರಲಿಲ್ಲ. ಹದಿನೈದು ದಿನ ಬಿಟ್ಟು ಜ್ಞಾಪನ ಪತ್ರವೂ ಹೋಯಿತು. ಹಾಗೆ ಕರೆದರೆ ಬರುವ ಹೆಂಡತಿ ಯಾವ ಲೋಕದಲ್ಲಿದ್ದಾಳು?

ಬೆಳಿಗ್ಗೆ ಮಾಡಿದ ಅನ್ನವನ್ನೇ ಅವನು ರಾತ್ರಿಯೂ ಉಣ್ಣುತ್ತಿದ್ದ. ಒಂದು ಸಂಜೆ ನಮ್ಮ ಮನೆಯಿಂದ ಪಲ್ಯದ ಡಬ್ಬಿ ಹಿಡಿದು ಹೋದರೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಹಾಕಿಕೊಂಡು ಕೂತಿದ್ದ. ಶೇಂಗಾಕ್ಕೆ ಯಾವ ಗೊಬ್ಬರ, ಎಷ್ಟು ಗೊಬ್ಬರ. ಅವನಿಗೆ ಅಂಗೈಯಗಲ ಹೊಲವಿಲ್ಲ! ನಾನು ನಕ್ಕೆ. "ಮನ್ಯಾಗ ಯಾರಾರ ಮಾತಾಡಿದಂಗ ಇರತೈತಿ" ಎಂದ. ಡಬ್ಬಿ ಇಟ್ಟು, ರೇಡಿಯೋದ ದನಿ ತುಸು ಏರಿಸಿ ಬಂದೆ.

ಆಗ ಬಂತು ನೋಡಿ ಆ ಕಾರಿನ ಪಿಕ್ಚರು. ಕರಿ ಕಾರು, ಕರಿ ಕನ್ನಡಕ, ಒಬ್ಬನೇ ಮನುಷ್ಯ, ಬೆನ್ನಿಗೆ ಪೊಲೀಸರು. ಆ ಪುಣ್ಯಾತ್ಮ ಬಾಯಿ ಬಿಡುವುದೇ ಇಲ್ಲ! ಮಾತಿನ ಜಾಗದಲ್ಲೆಲ್ಲ ಸಂಗೀತ. ಓಡುವಾಗ ಡ್ರಮ್ಮು, ತಿರುವಿಗೆ ಗಿಟಾರು, ಬರಿದಾದ ಉದ್ದ ರಸ್ತೆಯಲ್ಲಿ ಒಂಟಿಯಾಗಿ ಹೋಗುವಾಗ ಒಂದು ಸಿಳ್ಳೆ. ಆ ಸಿಳ್ಳೆ ಮರುದಿನ ಜಟಕಾದವರ ಬಾಯಿಗೆ ಹತ್ತಿತು. ಅಣ್ಣನ ಟೈಪ್‌ರೈಟರಂತೂ ಡ್ರಮ್ಮಿನ ತಾಳಕ್ಕೇ ಬಡಿದುಕೊಳ್ಳುತ್ತಿತ್ತಂತೆ.

"ಏಮಂಟಾಡು ಸಾರ್? ಏನಂತಾನ ಹೇಳ್ರಿ!" ಎಂದು ಬೆಂಚಿನವರು ತೆಲುಗು, ಕನ್ನಡ ಎರಡರಲ್ಲೂ ಗಂಟುಬಿದ್ದರು. ಮಾತೇ ಇಲ್ಲದ್ದಕ್ಕೆ ಅರ್ಥ ಹೇಳುವುದು ಹೇಗೆ? ಆದರೆ ಸೋಲೊಪ್ಪುವ ಜೀವವೇ ಅದು!

"ಬಂಗಾರ ಕದ್ದು ಓಡಾಕ ಹತ್ಯಾನ. ಡಿಕ್ಕಿಯೊಳಗ ಐತಿ" ಎಂದನಂತೆ ಮೊದಲ ವಾರ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಡಿಕ್ಕಿ ತೆರೆಯಿತು. ಒಳಗೆ ಒಂದು ಗಾಲಿ ಬಿಟ್ಟರೆ ಏನೂ ಇಲ್ಲ.

"ಬಂಗಾರ ಎಲ್ಲಿ ಸಾರ್?"

"ಗಾಲಿಯೊಳಗ ತುಂಬ್ಯಾನ!"

ಅಣ್ಣನ ದೆಸೆಯಿಂದಲೇ ಆ ಪಿಕ್ಚರು ಮೂರು ಭಾನುವಾರ ಓಡಿತು ಎಂದರೆ ಸುಳ್ಳಲ್ಲ. ಎರಡನೆಯ ವಾರ ನಾನೂ ಹೋಗಿ ಹೆಂಗಸರ ಕಡೆ ಕೂತೆ. ಅವನ ದನಿ ಅಲ್ಲಿಗೂ ಕೇಳುತ್ತಿತ್ತು. ನೋಡಿದರೆ ಕಥೆಯೇ ಬದಲು!

"ಇವ ಕಳ್ಳ ಅಲ್ರಿ. ಹೇಂತಿ ತವರಿಗೆ ಹೋಗ್ಯಾಳ. ಕರಿಯಾಕ ಹೊಂಟಾನ."

"ಮತ್ತ ಪೊಲೀಸ್ರು ಯಾಕ ಬೆನ್ನು ಹತ್ಯಾರ?"

"ಸ್ಪೀಡು ಜಾಸ್ತಿ ಆಗೇತಿ. ಭಾಳ ದಿನ ಆತಲ್ಲ, ಅವಸರ ಅವಗ."

ಟಾಕೀಸಿಗೆ ಟಾಕೀಸೇ ನಕ್ಕಿತು. ನಾನೂ ನಕ್ಕೆ. ಆಮೇಲೆ ಆ ಸಿಳ್ಳೆ ಬಂತು. ಅಣ್ಣನೂ ಅದರ ಜೊತೆ ಸಿಳ್ಳೆ ಹಾಕುತ್ತ ಕೂತ. ನನ್ನ ನಗು ಅಲ್ಲಿಗೇ ನಿಂತಿತು.

ಮೂರನೆಯ ಭಾನುವಾರವೂ ಹೋದೆ. ಪಿಕ್ಚರಿನ ಕೊನೆಗೆ ಆ ಮನುಷ್ಯ ಒಂದು ಮನೆಯ ಮುಂದೆ ಕಾರು ನಿಲ್ಲಿಸಿ ಇಳಿಯುತ್ತಾನೆ. ಮುಚ್ಚಿದ ಬಾಗಿಲು ನೋಡುತ್ತ ನಿಲ್ಲುತ್ತಾನೆ. ಅಷ್ಟೇ.

"ಮನಿ ಬಂತು ಸಾರ್! ಏನಂತಾನ?"

ಹಿಂದಿನಿಂದ ಇನ್ನೊಬ್ಬ ಕೂಗಿದ:

"ಚೆಪ್ಪಂಡಿ ಸಾರ್, ಹೇಳ್ರಿ!"

"ಬಂದಾನ..." ಎಂದ ಅಣ್ಣ. ದನಿ ಕುಗ್ಗಿತ್ತು. "ಏನನಬೇಕೋ ಗೊತ್ತಾಗವಲ್ದು ಅವಗ."

ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿ ಕೌತಾಳಂ ಊರಿನ ಮುದುಕಿಯೊಬ್ಬಳು ಕೂತಿದ್ದಳು. ಮಗ್ಗುಲಲ್ಲಿ ಚೀಲ, ಬಾಯಲ್ಲಿ ಎಲೆಯಡಿಕೆ. ಎದ್ದು ನಿಂತವಳೇ ಕೂಗಿದಳು: "ಏನೂ ಅನಬ್ಯಾಡಂತ ಹೇಳೋ ಅವಗ! ಬಂದಾನಲ್ಲ, ಸಾಕು!"

ದೀಪ ಹತ್ತಿದಾಗ ಅಣ್ಣ ಬೆಂಚಿನ ಮೇಲಿರಲಿಲ್ಲ. ನನಗೆ ಅನುಮಾನ ಬಂದು ಬಸ್ ಸ್ಟ್ಯಾಂಡಿಗೆ ಓಡಿದೆ. ಗೋನೆಗಂಡ್ಲದ ಬಸ್ಸಿನ ಕಿಟಕಿ ಪಕ್ಕ ಕೂತಿದ್ದ, ಕೈಯಲ್ಲಿ ಒಂದು ಮೊಳ ಮಲ್ಲಿಗೆ. ನಲವತ್ತು ದಾಟಿದವನು ಹೊಸದಾಗಿ ಶಾಲೆಗೆ ಹೊರಟ ಮಗುವಿನ ಹಾಗೆ ನನ್ನ ಮುಖ ನೋಡಿದ.

"ಆ ಮುದುಕಿ ಹೇಳಿದ್ದು ಖರೇ ಏನವ್ವ?"

"ಖರೇ ಅಣ್ಣ."

"ಆದ್ರೂ ಒಂದು ಮಾತು ಹೇಳಿಕೊಡು."

"'ನೀ ಇಲ್ದ ಬ್ಯಾಸರಾಗೇತಿ, ಬಾ' ಅನ್ನು" ಎಂದೆ. ಬಸ್ಸು ಹೊರಟಿತು. ಅಣ್ಣನ ತುಟಿಗಳು ಅದನ್ನೇ ಬಾಯಿಪಾಠ ಮಾಡುತ್ತಿದ್ದವು.

ಮರುದಿನ ಸಂಜೆ ಅತ್ತಿಗೆ ಬಂದಳು. ಅಣ್ಣ ನೀರು ತರಲು ಹೋದ ಹೊತ್ತು ನೋಡಿ ಅವಳನ್ನು ಮೂಲೆಗೆ ಕರೆದೆ. "ಏನಂದ ನಮ್ಮಣ್ಣ?"

"ಏನೂ ಅನ್ನಲಿಲ್ಲ. ಬಾಗಲಾಗ ನಿಂತು ಅತ್ತುಬಿಟ್ರು" ಎಂದಳು ಅತ್ತಿಗೆ. "ನಾನೂ ಏನೂ ಕೇಳಲಿಲ್ಲ. ಒಳಗ ಹೋಗಿ ಗಂಟು ಕಟ್ಟಿಕೊಂಡೆ."