ಸೋಫಾ ಸರಿಸಿ ಆಡಿದ ಕರ್ಲಿಂಗ್

ಥೋರಾ: ಕೈ ಎತ್ತು ಅಂತಿದೆ ನೋಡು.

ಸಿಗ್ಗಿ: ಎತ್ತಿದೀನಲ್ಲೇ! ಇನ್ನೆಷ್ಟು ಎತ್ಲಿ, ಸೂರಿಗೆ ತೂತು ಹಾಕ್ಲಾ?

ಥೋರಾ: 'ಆಟಗಾರ ಕಾಣಿಸುತ್ತಿಲ್ಲ' ಅಂತ ಬರ್ತಿದೆ.

ಸಿಗ್ಗಿ: ಆರಡಿ ಎರಡಂಗುಲ ಇದೀನಿ, ಇನ್ನೂರ ನಲವತ್ತು ಪೌಂಡ್ ಇದೀನಿ. ಈ ಗಿಮ್ಲಿ ಊರಲ್ಲಿ ನಾನು ಕಾಣದೇ ಇರೋರು ಯಾರಿದಾರೆ?

ಥೋರಾ: ಈಗ ಹಿಂದೆ ಸರಿ ಅಂತಿದೆ.

ಸಿಗ್ಗಿ: ಹಿಂದೆ ಗೋಡೆ ಇದೆ!

ಥೋರಾ: ಅದನ್ನ ಅದಕ್ಕೆ ಹೇಳು. ನಂಗ್ಯಾಕೆ ಹೇಳ್ತೀಯ?

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಹೊರಗೆ ಮೈನಸ್ ಇಪ್ಪತ್ತೇಳು. ಗಂಡಹೆಂಡತಿ ಸೇರಿ ಸೋಫಾವನ್ನು ಅಡುಗೆಮನೆಯ ಬಾಗಿಲ ತನಕ ತಳ್ಳಿದ್ದರು. ಥೋರಾ ಅದರ ಮೇಲೆ ಕಾಲು ಚಾಚಿ ಕೂತು ಮೊಮ್ಮಗಳಿಗೊಂದು ಸ್ವೆಟರ್ ಹೆಣೆಯುತ್ತಿದ್ದಳು. ಸಿಗ್ಗಿ ಕೈಯಲ್ಲೊಂದು ಪೊರಕೆ ಹಿಡಿದು ನಡುಮನೆಯಲ್ಲಿ ನಿಂತಿದ್ದ. ಟಿವಿಯ ನೆತ್ತಿಯ ಮೇಲೆ ಹೊಸ ಕ್ಯಾಮೆರಾ. ಆಟದ ಡಬ್ಬದ ಮೇಲೆ 'ಗುಂಡಿ ಒತ್ತಬೇಡಿ, ನಿಮ್ಮ ಮೈಯೇ ಆಟ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಹುಟ್ಟಿದಾಗಿನಿಂದ ಯಾರಿಗೂ ಮೋಸ ಮಾಡದ ಸಿಗ್ಗಿ, ಡಬ್ಬಗಳೂ ತನ್ನ ಹಾಗೇ ಎಂದುಕೊಂಡಿದ್ದ ಪಾಪ.

ಮಕ್ಕಳಾಟ ಎಂದು ನಗಬೇಡಿ, ಸಿಗ್ಗಿಯ ಮಾನದ ಪ್ರಶ್ನೆ ಇದು. ಮೂವತ್ತೊಂದು ವರ್ಷದಿಂದ ಅವನೇ ಕರ್ಲಿಂಗ್ ತಂಡದ ಸ್ಕಿಪ್, ಅಂದರೆ ನಾಯಕ. ಮಂಜುಗಡ್ಡೆಯ ಆ ತುದಿಯಲ್ಲಿ ನಿಂತು, ಗುರಿಯ ವೃತ್ತದತ್ತ ಜಾರಿ ಬರುವ ಕಲ್ಲನ್ನು ಕಣ್ಣಲ್ಲೇ ಅಳೆದು "ಗುಡಿಸಿ! ಗುಡಿಸಿ!" ಎಂದು ಅರಚುವುದು, ತಂಡದ ಕೊನೆಯ ಕಲ್ಲನ್ನು ಬಿಡುವುದು ಅವನ ಕೆಲಸ. ಕಲ್ಲಿನ ಮುಂದೆ ಮುಂದೆ ಓಡುತ್ತ ಪೊರಕೆಯಿಂದ ಮಂಜನ್ನು ಉಜ್ಜಿ ದಾರಿ ನುಣುಪು ಮಾಡುವುದು ಥೋರಾಳ ಕೆಲಸ. ಈ ಚಳಿಗಾಲ ಸಿಗ್ಗಿಯ ಅಳತೆ ತಪ್ಪಿ ಸಾಲಾಗಿ ನಾಲ್ಕು ಪಂದ್ಯ ಹೋದವು. ಸಿಗ್ಗಿಯ ಕಣ್ಣು ಹೋಯ್ತು, ಥೋರಾ ಸ್ಕಿಪ್ ಆಗಬಾರದೇಕೆ ಎಂದು ತಂಡದ ಉಳಿದಿಬ್ಬರು ಮೆಲ್ಲಗೆ ಗೊಣಗಿದರು. ಶನಿವಾರದ ಪಂದ್ಯಕ್ಕೆ ಹೆಸರು ಬರೆದುಕೊಳ್ಳಲು ಕ್ಲಬ್ಬಿನ ಐನಾರ್ ನಾಲ್ಕು ಗಂಟೆಗೆ ಫೋನ್ ಮಾಡುವವನಿದ್ದ. ಅಷ್ಟರಲ್ಲಿ ಈ ಯಂತ್ರವನ್ನು ಸೋಲಿಸಿ ತೋರಿಸಿದರೆ ಸಿಗ್ಗಿಯೇ ಸ್ಕಿಪ್, ಇಲ್ಲದಿದ್ದರೆ ಥೋರಾ. ಹಾಗಂತ ಗಂಡಹೆಂಡತಿ ಮಾತಾಡಿಕೊಂಡಿದ್ದರು.

ಥೋರಾ: ಸಿಕ್ತು! 'ಆಟಗಾರ ಸಿಕ್ಕಿದ್ದಾನೆ' ಅಂತಿದೆ.

ಸಿಗ್ಗಿ: ನೋಡ್ದಾ! ಆದ್ರೆ ನಾನ್ಯಾಕೆ ಇಷ್ಟೊಂದು ಸಣ್ಣಗಿದೀನಿ?

ಥೋರಾ: ಅದು ನೀನಲ್ಲ. ಮೂಲೇಲಿರೋ ದೀಪದ ಕಂಬ.

ಸಿಗ್ಗಿ: ದೀಪದ ಕಂಬ ಕರ್ಲಿಂಗ್ ಆಡುತ್ತಾ?

ಥೋರಾ: ನೆಟ್ಟಗೆ ನಿಂತಿದೆ, ಯಾರ ಮೇಲೂ ಅರಚ್ತಿಲ್ಲ. ನಮ್ಮ ಕ್ಲಬ್ಬಲ್ಲಿ ಅದಕ್ಕಿಂತ ಕಡೆಯಾಗಿ ಆಡೋರಿದಾರೆ.

ಸಿಗ್ಗಿ: ಯಾರನ್ನ ಅಂತಿದೀಯ?

ಥೋರಾ: ನಾನು ಹೆಸರು ಹೇಳಿದ್ನಾ?

ಸಿಗ್ಗಿ ದೀಪವನ್ನು ಮಲಗುವ ಕೋಣೆಗೆ ಹೊತ್ತುಕೊಂಡು ಹೋಗಿ ಇಟ್ಟು ಬಂದ. ಬರುವಷ್ಟರಲ್ಲಿ ಪರದೆಯ ಮೇಲೆ ನೀಲಿ ಅಂಗಿಯ ಬೊಂಬೆಯೊಂದು ತಯಾರಾಗಿ ನಿಂತಿತ್ತು. ಸಿಗ್ಗಿ ಮೊಣಕಾಲು ಲಟಕ್ಕೆನಿಸಿ ಬಗ್ಗಿ, ಇಲ್ಲದ ಕಲ್ಲನ್ನು ಜಾರಿಬಿಟ್ಟು, ಮೇಜು ಹಿಡಿದುಕೊಂಡು ಎದ್ದ.

ಸಿಗ್ಗಿ: ನಾನು ಬಗ್ಗಿ ಎದ್ದೂ ಆಯ್ತು. ಅವನ್ಯಾಕೆ ಇನ್ನೂ ಬಗ್ಗಿಲ್ಲ?

ಥೋರಾ: ಯೋಚನೆ ಮಾಡ್ತಿದಾನೇನೋ. ಇರು, ನೂಲುಂಡೆ ಕೆಳಗೆ ಬಿತ್ತು.

ಸಿಗ್ಗಿ: ಹಾಂ, ಈಗ ಬಗ್ಗಿದ! ಅಯ್ಯೋ, ಮೊಣಕಾಲು ಹಿಂದಕ್ಕೆ ಮಡಚಿದೆಯಲ್ಲೇ ಅವನಿಗೆ.

ಥೋರಾ: ನಿಂದು ಹೇಗಿದೆ?

ಸಿಗ್ಗಿ: ಹೆಚ್ಚುಕಮ್ಮಿ ಹಾಗೇ.

ಟಿವಿಯೊಳಗಿನ ಹೆಂಗಸು "ಅದ್ಭುತ!" ಎಂದಳು. ಕಲ್ಲು ನೆಟ್ಟಗೆ ಹೋಗಿ ಪ್ರೇಕ್ಷಕರ ನಡುವೆ ಕೂತಿತು. ಎರಡನೇ ಕಲ್ಲು ಮಂಜಿನೊಳಕ್ಕೇ ಮುಳುಗಿತು. ಅದಕ್ಕೂ ಆ ಹೆಂಗಸು "ಅದ್ಭುತ!" ಎಂದಳು. ಸಿಗ್ಗಿಗೆ ಸಿಟ್ಟು ನೆತ್ತಿಗೇರಿತು. ಮೂರನೇ ಕಲ್ಲಿಗೆ ನಡುಮನೆ ತುಂಬ ಓಡಾಡಿ ಗುಡಿಸಿದ.

ಸಿಗ್ಗಿ: ನಿಲ್ಸು, ನಿಲ್ಸು! ನನ್ನ ಪೊರಕೆ ಕಲ್ಲಿಗೆ ತಾಗ್ತು. ಈ ಕಲ್ಲು ಲೆಕ್ಕಕ್ಕಿಲ್ಲ.

ಥೋರಾ: ಕಲ್ಲು ಟಿವಿ ಒಳಗಿದೆ ಮಹರಾಯ. ನಿನ್ನ ಪೊರಕೆ ತಾಗಿದ್ದು ನನ್ನ ಕಾಲಿಗೆ.

ಸಿಗ್ಗಿ: ಕಲ್ಲು ಇದ್ದಿದ್ರೆ ಅಲ್ಲೇ ಇರ್ತಿತ್ತು. ತಾಗಿಸಿದೋನೇ ಬಾಯಿಬಿಟ್ಟು ಹೇಳ್ಬೇಕು.

ಥೋರಾ: ಯಂತ್ರಕ್ಕೆ ಗೊತ್ತೇ ಆಗಿಲ್ಲ.

ಸಿಗ್ಗಿ: ಕ್ಲಬ್ಬಲ್ಲೂ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ತಾನೇ ನಾವು ಹೇಳೋದು!

ಅವನು ಟೋಪಿ ತೆಗೆದು, ಟಿವಿಯ ಕಡೆ ತಿರುಗಿ, ತಪ್ಪು ನನ್ನದು ಎಂದು ಗಂಭೀರವಾಗಿ ಒಪ್ಪಿಕೊಂಡ. ಟಿವಿ "ಅದ್ಭುತ!" ಎಂದು ಅವನಿಗೇ ಒಂದು ಅಂಕ ಕೊಟ್ಟಿತು. ಅಲ್ಲಿಂದಾಚೆ ಅದೇನಾಯಿತೋ, ಆಟ ಕೈಹಿಡಿಯಿತು. ಸಿಗ್ಗಿ ಗುಡಿಸಿದ್ದೇ ಗುಡಿಸಿದ್ದು, ಕಲ್ಲುಗಳು ಒಂದೊಂದಾಗಿ ವೃತ್ತದ ನಡುವಿಗೆ ಬಂದು ಕೂತವು. ಸಿಗ್ಗಿಗೆ ಐದು, ಯಂತ್ರಕ್ಕೆ ಎರಡು.

ಸಿಗ್ಗಿ: ಕಣ್ಣು ಹೋಯ್ತು ಅಂದ್ರಲ್ಲ, ಬಂದು ನೋಡ್ಲಿ ಈಗ! ಆಟ ದರಿದ್ರವಾಗಿದೆ ನಿಜ, ಆದ್ರೆ ಅದಕ್ಕೂ ಗೊತ್ತಾಯ್ತು ನಾನು ಯಾರು ಅಂತ.

ಥೋರಾ: ಶ್! ಮೂವತ್ತೆರಡು, ಮೂವತ್ನಾಲ್ಕು... ಸ್ವೆಟರಿನ ಮನೆ ಎಣಿಸ್ತಿದೀನಿ.

ಸಿಗ್ಗಿ ಜೋರಾಗಿ ಗುಡಿಸುತ್ತಲೇ ಇದ್ದ. ಬೊಂಬೆ ಮಾತ್ರ ಸುಮ್ಮನೆ ನಿಂತುಬಿಟ್ಟಿತ್ತು. ಥೋರಾ ಎಣಿಸಿ ಮುಗಿಸಿ ಮತ್ತೆ ಹೆಣಿಗೆಯ ಕಡ್ಡಿ ಆಡಿಸಿದಳು, ಬೊಂಬೆ ಗುಡಿಸತೊಡಗಿತು. ಸಿಗ್ಗಿ ಪೊರಕೆ ಕೆಳಗಿಟ್ಟು ಕೈಕಟ್ಟಿ ನಿಂತ. ಬೊಂಬೆ ಟಿಕ್ ಟಿಕ್ ಎಂದು ಕಡ್ಡಿಯ ತಾಳಕ್ಕೆ ಗುಡಿಸುತ್ತಲೇ ಇತ್ತು. ಅವನು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಥೋರಾ ತಲೆ ಎತ್ತಿರಲಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ. ಗಡಿಯಾರದಲ್ಲಿ ಮೂರು ಐವತ್ತೈದು. ಐದೇ ಐದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಥೋರಾ: ಯಾಕೆ ಸುಮ್ನಾದೆ? ಮುಗೀತಾ?

ಸಿಗ್ಗಿ: ಒಂದು ಕಲ್ಲಿದೆ.

ಥೋರಾ: ಗೆಲ್ತಿದೀಯಲ್ಲ, ಬಿಡು. ಮಾತು ಅಂದ್ರೆ ಮಾತು, ನೀನೇ ಸ್ಕಿಪ್.

ಸಿಗ್ಗಿ: ನಿಂಗೆ... ಆಗ್ಬೇಕು ಅಂತ ಇತ್ತಾ?

ಥೋರಾ: ಮೂವತ್ತೊಂದು ವರ್ಷ ತಲೆ ಬಗ್ಗಿಸಿ ಗುಡಿಸಿದೀನಿ. ಆ ತುದೀಲಿ ನಿಂತ್ರೆ ಆಟ ಹೇಗೆ ಕಾಣುತ್ತೋ ಅಂತ ಆಸೆ ಇತ್ತಪ್ಪ. ಇರಲಿ, ಹೋಗು, ನಿನ್ನ ಕಲ್ಲು ಬಿಡು.

ಸಿಗ್ಗಿಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಅವಳನ್ನು ಆ ಮಾತು ಕೇಳಿಯೇ ಇರಲಿಲ್ಲ ಎಂಬುದು ಈಗ ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು. ಕೆಮ್ಮಿದ. ಟೋಪಿ ಸರಿಮಾಡಿಕೊಂಡ.

ಸಿಗ್ಗಿ: ಥೋರಾ, ಸ್ವಲ್ಪ ಹೆಣಿ.

ಥೋರಾ: ಹೆಣೀತಾನೇ ಇದೀನಲ್ಲ?

ಸಿಗ್ಗಿ: ಟಿವಿ ನೋಡ್ಕೊಂಡು ಹೆಣಿ.

ಥೋರಾ ಹೆಣೆದಳು, ಬೊಂಬೆ ಗುಡಿಸಿತು. ನಿಲ್ಲಿಸಿದಳು, ನಿಂತಿತು. ಸರಸರನೆ ಹೆಣೆದಳು, ಬೊಂಬೆಗೆ ಹುಚ್ಚು ಹಿಡಿಯಿತು.

ಥೋರಾ: ಯಾವಾಗಿಂದ ಹೀಗೆ?

ಸಿಗ್ಗಿ: ದೀಪ ಹೋದಾಗಿಂದ. ಆ ಐದು ಅಂಕಾನೂ ನಿಂದೇ.

ಥೋರಾ: ಹಾಗಾದ್ರೆ ಇಷ್ಟು ಹೊತ್ತು ನೀನು ಬೆವರು ಸುರಿಸಿದ್ದು?

ಸಿಗ್ಗಿ: ಅದನ್ನ ಯಾರೂ ನೋಡಿಲ್ಲ. ಆ ಕುರುಡು ಕ್ಯಾಮೆರಾ ಅಂತೂ ನೋಡೇ ಇಲ್ಲ.

ಸೋತವನು ಮಾಡಬೇಕಾದ ಹಾಗೆ ಸಿಗ್ಗಿ ಹೋಗಿ ಕೈ ಚಾಚಿದ. ಥೋರಾ ಕಡ್ಡಿಗಳನ್ನು ಎಡಗೈಗೆ ಬದಲಾಯಿಸಿಕೊಂಡು ಕೈ ಕುಲುಕಿದಳು. ಅವಳ ಕಣ್ಣು ಒದ್ದೆಯಾಗಿತ್ತು. ನಗುವನ್ನು ತಡೆದುಕೊಂಡದ್ದಕ್ಕೂ ಇರಬಹುದು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸಿಗ್ಗಿ ಎತ್ತಿ ಸ್ಪೀಕರ್ ಹಾಕಿದ.

ಐನಾರ್: ಸಿಗ್ಗೀ, ಹೊಸ ಆಟ ಹೇಗಿದೆಯೋ?

ಸಿಗ್ಗಿ: ಸ್ವೆಟರ್ ಹೆಣೆಯೋರಿಗೆ ಬಹಳ ಚೆನ್ನಾಗಿದೆ.

ಐನಾರ್: ಏನಂದೆ?

ಸಿಗ್ಗಿ: ಏನಿಲ್ಲ. ಹೆಸರು ಬರ್ಕೋ.

ಐನಾರ್: ಕೊನೇ ಕಲ್ಲು ನಿಂದೇ ತಾನೇ, ಎಂದಿನ ಹಾಗೆ?

ಸಿಗ್ಗಿ: ನನ್ನನ್ಯಾಕೆ ಕೇಳ್ತೀಯ? ಸ್ಕಿಪ್‌ನ ಕೇಳು.

ಥೋರಾ ಸೋಫಾದಿಂದ ಎದ್ದು ಬಂದು, ಸ್ವೆಟರನ್ನು ಕಂಕುಳಲ್ಲಿ ಇರುಕಿಕೊಂಡು ಫೋನ್ ತೆಗೆದುಕೊಂಡಳು.

ಥೋರಾ: ಬರ್ಕೋ ಐನಾರ್. ಕೊನೇ ಕಲ್ಲು ನಂದು. ಸಿಗ್ಗಿ ಗುಡಿಸ್ತಾನೆ.

ಐನಾರ್: ಸಿಗ್ಗೀನಾ! ಅವನ ಕೈಲಾಗುತ್ತಾ?

ಥೋರಾ: ಕಲ್ಲೇ ಇಲ್ದೆ ಮುಕ್ಕಾಲು ಗಂಟೆ ಗುಡಿಸಿದಾನಪ್ಪಾ. ಕಲ್ಲಿದ್ರೆ ಇನ್ನು ಕೇಳ್ಬೇಕಾ!