ಬಾಕಿ ಎಷ್ಟು ಉಳಿಯಿತು?

ಗೆದ್ದವರು ಸ್ವಲ್ಪ ಸುಮ್ಮನಿರಬೇಕಂತೆ. ನನ್ನಿಂದ ಆಗುವುದಿಲ್ಲ. ಕಂಪ್ಯೂಟರಿನ ಒಂದು ಸಾಲಿನಿಂದ ಎರಡು ಚಿಹ್ನೆ ಅಳಿಸಿ ಗೆದ್ದ ಕಥೆಯನ್ನು ಉಪ್ಪಳದ ಮೀನು ಮಾರ್ಕೆಟಿನಲ್ಲೂ ಹೇಳಿ ಮುಗಿಸಿದ್ದೇನೆ. ಕೇಳದೆ ಉಳಿದವರು ನೀವು ಮಾತ್ರ.

ನನ್ನ ಕೆಲಸ ಕರ್ನೆಲ್ ರಿಪೇರಿ. ಕರ್ನೆಲ್ ಎಂದರೆ ಕಂಪ್ಯೂಟರಿನ ಅತ್ತೆ. ಯಾರಿಗೆ ಎಷ್ಟು ಜಾಗ, ಯಾವುದು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಅದೇ. ಮೆಮೊರಿಯನ್ನು ಪುಟಗಳಾಗಿ ಹಂಚಿಟ್ಟು, ಬೇಕಾದಾಗ ಒಂದು ಜಾಗದ ಪುಟಗಳನ್ನು ಇನ್ನೊಂದಕ್ಕೆ ಸಾಗಿಸುತ್ತದೆ. ನಮ್ಮ ಯಂತ್ರದಲ್ಲಿ ಹಾಗೆ ಹೊರಟ ಕೆಲವು ಪುಟಗಳು ಹೊಸ ಜಾಗಕ್ಕೂ ತಲುಪದೆ, ಹಳೆಯದಕ್ಕೂ ಮರಳದೆ ಅತಂತ್ರವಾಗುತ್ತಿದ್ದವು. ಮೆಮೊರಿ ಸೊರಗುತ್ತಿತ್ತು, ಯಂತ್ರದಿಂದ ದೂರು ಮಾತ್ರ ಒಂದೂ ಇಲ್ಲ. ಶುಕ್ರವಾರದೊಳಗೆ ಸರಿಯಾಗದಿದ್ದರೆ ಮನೆಯಿಂದ ಕೆಲಸ ಮಾಡಿದ್ದು ಸಾಕು, ಕೊಚ್ಚಿಯ ಆಫೀಸಿಗೆ ಬನ್ನಿ ಎಂದು ಮ್ಯಾನೇಜರ್ ನಯವಾಗಿ ಹೇಳಿದ್ದರು. ಆಮೇಲೆ ಗಂಡ, ಮನೆ, ಅತ್ತೆಯ ಮೀನು ಸಾರು ಎಲ್ಲವೂ ವಾರಕ್ಕೊಮ್ಮೆ ರೈಲಿನಲ್ಲಿ ಬಂದು ನೋಡುವ ಸಂಗತಿಗಳು. ನನಗೆ ಅಳುವೇ ಬಂತು.

ಸಾಲದ್ದಕ್ಕೆ ಅದೇ ವಾರ ಶಿರಿಯದ ಬಾಡಿಗೆ ಮನೆಯಿಂದ ಮಂಗಲ್ಪಾಡಿಯ ಹೊಸ ಮನೆಗೆ ನಮ್ಮ ಸಾಮಾನು ಸಾಗಣೆ. ಹಾರ್ಡ್‌ವೇರ್ ಅಂಗಡಿ ನಡೆಸುವ ನನ್ನ ಗಂಡ ಅದರ ಜವಾಬ್ದಾರಿ ಹೊತ್ತಿದ್ದರು. ಕೊನೆಯ ಲೋಡಿನ ಪಿಕಪ್ ಅಂಗಳದಲ್ಲಿ ನಿಂತಾಗ ಕೇಳಿದೆ, "ಎಲ್ಲ ಬಂತಾ?"

"ಎಂತ ಒಡೀಲಿಲ್ಲ ಮಾರಾಯ್ತಿ. ಒಂದು ಗ್ಲಾಸು ಸಹ!"

ಒಳಗೆ ಅನ್ನ ಬೆಂದಿತ್ತು, ಬಡಿಸಲು ಸೌಟಿಲ್ಲ. ಕಾಯಿ ತುರಿಯುವ ಮಣೆಯೂ ಇಲ್ಲ. ವಿಚಾರಿಸಿದರೆ, ಪಿಕಪ್ಪಿನಲ್ಲಿ ಹಿಡಿಸದ ಮೂಟೆಗಳು ಶಿರಿಯದ ಜಗಲಿಯಲ್ಲಿ ಕಟ್ಟಿದ ಹಾಗೆಯೇ ಕೂತಿದ್ದವು. ಅಲ್ಲಿನ ಅಡುಗೆಮನೆಗೂ ಇಲ್ಲ, ಇಲ್ಲಿಗೂ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಒಡೀಲಿಲ್ಲ ಅಂದ್ರೆ ಬಂತು ಅಂತ ಅರ್ಥ ಉಂಟಾ? ಬಾಕಿ ಎಷ್ಟು ಉಳೀತು, ಅದನ್ನು ಹೇಳಿ ನೀವು!"

ಹೇಳಿದ ಮೇಲೆ ಹೊಳೆಯಿತು, ನಮ್ಮ ಕೋಡೂ ಇದನ್ನು ಕೇಳುತ್ತಿಲ್ಲ. ಲ್ಯಾಪ್‌ಟಾಪಿಗೆ ಓಡಿದೆ.

ಪುಟ ಸಾಗಿಸುವ ಕೋಡು ಮೂರು ಬಗೆಯ ಉತ್ತರ ಕೊಡುತ್ತದೆ. ಸೊನ್ನೆ ಎಂದರೆ ಎಲ್ಲ ತಲುಪಿತು. ಸೊನ್ನೆಗಿಂತ ಕಡಿಮೆಯಾದರೆ ಏನೋ ಅನಾಹುತ. ಹೆಚ್ಚಾದರೆ, ಅಷ್ಟು ಪುಟ ಬಾಕಿ. ನಮ್ಮವರು ಬರೆದ ಸಾಲು ಅನಾಹುತವಾಯಿತೇ ಎಂದಷ್ಟೇ ನೋಡಿ, ಇಲ್ಲವೆಂದು ತಿಳಿದರೆ ಖುಷಿಯಿಂದ ಮುಂದೆ ಹೋಗುತ್ತಿತ್ತು, ಥೇಟ್ ನನ್ನ ಗಂಡ. ಬಾಕಿಯಾದವನ್ನು ಹಳೆಯ ಜಾಗಕ್ಕೆ ಸೇರಿಸುವವರೇ ಇರಲಿಲ್ಲ. ಆ ಸಾಲಿನಿಂದ 'ಕಡಿಮೆ' ಎಂಬ ಚಿಹ್ನೆ ಮತ್ತು ಅದರ ಪಕ್ಕದ ಸೊನ್ನೆ ಎರಡನ್ನೂ ಅಳಿಸಿದೆ. ಇನ್ನು ಸೊನ್ನೆ ಬಿಟ್ಟು ಯಾವ ಉತ್ತರ ಬಂದರೂ ಉಳಿದ ಪುಟ ವಾಪಸು. ಸಂಜೆಯವರೆಗೆ ಯಂತ್ರವನ್ನು ಗೋಳು ಹೊಯ್ದುಕೊಂಡೆ. ಮೆಮೊರಿ ಒಂದಿಷ್ಟೂ ಸೊರಗಲಿಲ್ಲ. ಗುರುವಾರವೇ ಮ್ಯಾನೇಜರ್ ಫೋನ್ ಮಾಡಿ, ಕೊಚ್ಚಿಗೆ ಬರುವುದು ಬೇಡ, ಅಲ್ಲೇ ಇರಿ ಎಂದರು. ಬಿಚ್ಚದ ಪೆಟ್ಟಿಗೆಗಳ ನಡುವೆ ನಾನು ಕುಣಿದೇಬಿಟ್ಟೆ.

ಅತ್ತೆಗೂ ಖುಷಿಯೋ ಖುಷಿ. "ನಾಳೆ ಸೇಮಿಗೆ ಮಾಡುವ," ಎಂದು ನಮ್ಮೂರ ಅಕ್ಕಿ ಶ್ಯಾವಿಗೆಯ ಆಸೆ ಹುಟ್ಟಿಸಿದರು. ಆ ಉಮೇದಿನಲ್ಲಿ, ಉಳಿದ ಮೂಟೆಗಳನ್ನು ನಾನೇ ತರುತ್ತೇನೆ, ಸಾಗಿಸುವುದು ಹೇಗೆಂದು ಕೆಲವರು ನೋಡಿ ಕಲಿಯಲಿ ಎಂದು ಗಂಡನಿಗೆ ಕೇಳುವಂತೆ ಸಾರಿ, ಆಟೋ ಮಾಡಿಕೊಂಡು ಶಿರಿಯಕ್ಕೆ ಹೋದೆ. ಹೋಗುವಾಗಲೂ ಬರುವಾಗಲೂ ಆಟೋದವನಿಗೆ ಎರಡು ಚಿಹ್ನೆಯ ಕಥೆ ಹೇಳಿದೆ.

ಮರುದಿನ ಬೆಳಿಗ್ಗೆ ಹಿಟ್ಟು ಬೇಯಿಸಿ, ಬಿಸಿಬಿಸಿ ಉಂಡೆಗಳನ್ನು ಮುಂದಿಟ್ಟುಕೊಂಡು ಅತ್ತೆ ಕರೆದರು. "ಸೇಮಿಗೆ ಒತ್ತುವ ಮಣೆ ತಂದಿದ್ದಿ ಅಲ್ವಾ? ಎಲ್ಲಿ ಉಂಟು?"

ಶಿರಿಯದ ಜಗಲಿಯ ಮೂಲೆ ಕಣ್ಣ ಮುಂದೆ ಬಂತು. ಬಾಗಿಲಲ್ಲಿ ಗಂಡ ಕಿವಿ ನಿಮಿರಿಸಿಕೊಂಡು ನಿಂತಿದ್ದರು.

"ಎಂತ ಒಡೀಲಿಲ್ಲ ಅತ್ತೆ," ಎಂದೆ.